ಅನೆಮೋನ್ ಮನೆಗೆ ಬಂದ ಮೊದಲ ಹದಿನೈದು ದಿನ

ನಾನು ತಂದ ಮೊದಲ ಅನೆಮೋನ್ ನಮ್ಮ ಮನೆಯ ಟ್ಯಾಂಕಿನಲ್ಲಿ ಬದುಕಿದ್ದು ನಾಲ್ಕೇ ದಿನ. ಐದನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಅಲೆ ಎಬ್ಬಿಸುವ ಪಂಪು, ಅದನ್ನ ಪವರ್‌ಹೆಡ್ ಅಂತಾರೆ, ಒಂಥರಾ ಕರಕರ ಸದ್ದು ಮಾಡ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿದ್ದವು. ರಾತ್ರಿ ಅದು ಕಲ್ಲಿನಿಂದ ಕಾಲು ಬಿಡಿಸಿಕೊಂಡು ತೇಲಿ ಪಂಪಿನ ಬಾಯಿಗೆ ಸಿಕ್ಕಿತ್ತು. ಅರ್ಧಕ್ಕರ್ಧ ನೀರು ಬದಲಿಸಿ ಮೀನುಗಳನ್ನು ಹೇಗೋ ಉಳಿಸಿಕೊಂಡೆ.

ತಪ್ಪು ಪಂಪಿನದ್ದಲ್ಲ. ಆ ನಾಲ್ಕು ದಿನದಲ್ಲಿ ನಾನು ಅದನ್ನು ಮೂರು ಸಲ ಎಬ್ಬಿಸಿದ್ದೆ. ಟ್ಯಾಂಕಿನ ನಡುಮಧ್ಯೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಅದು ತೆವಳಿಕೊಂಡು ಹಿಂದಕ್ಕೆ ಹೋಯ್ತು, ತಂದು ಮತ್ತೆ ಮುಂದೆ ಇಟ್ಟೆ. ಆಮೇಲೆ ಬೆಳಕು ಸಾಲದೇನೋ ಅಂತ ಲೈಟು ಜಾಸ್ತಿ ಮಾಡಿದೆ. ಮುದುಡಿಕೊಂಡಿತು ಅಂತ ಹೆದರಿ ಪಂಪಿನ ದಿಕ್ಕು ತಿರುಗಿಸಿದೆ. ಜಾಗ ಹುಡುಕುತ್ತಿದ್ದ ಪ್ರಾಣಿಗೆ ಕೂರಲಿಕ್ಕೇ ಬಿಡಲಿಲ್ಲ. ಎರಡನೆಯದನ್ನು ತರುವ ಮುಂಚೆ ಒಂದು ವರ್ಷ ಓದಿದೆ, ಕೇಳಿದೆ, ಟ್ಯಾಂಕನ್ನು ಸರಿ ಮಾಡಿದೆ. ಆಗ ಗೊತ್ತಾಗಿದ್ದನ್ನು ಇಲ್ಲಿ ಬರೀತಿದ್ದೀನಿ. ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇರುವವರು ನಮ್ಮಲ್ಲಿ ಕಡಿಮೆ ಅಂತ ಗೊತ್ತು. ಆದರೆ ಕಂಟ್ರೋಲ್ ಸಿಸ್ಟಮ್ಸ್ ಓದುವವರಿಗೆ ಇದರಲ್ಲಿ ನೋಡಲಿಕ್ಕೆ ಸಾಕಷ್ಟಿದೆ.

ಮೊದಲು, ಇದು ಗಿಡವಲ್ಲ. ನೋಡಲಿಕ್ಕೆ ಹೂವಿನ ಹಾಗಿದ್ದರೂ ಇದು ಹವಳ, ಜೆಲ್ಲಿ ಮೀನುಗಳ ಕುಲದ ಪ್ರಾಣಿ. ಮೂಳೆ ಇಲ್ಲ, ಮಿದುಳಿಲ್ಲ, ನರಗಳ ಒಂದು ಬಲೆ ಇದೆ ಅಷ್ಟೆ. ಕೆಳಗೆ ಅಂಟಿಕೊಳ್ಳುವ ಪಾದ, ಮೇಲೆ ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ಆ ಎಳೆಗಳ ತುಂಬ ಕುಟುಕುವ ಕೋಶಗಳು. ತಿನ್ನುವುದೂ ಅದೇ ಬಾಯಿಂದ, ಹೊರಹಾಕುವುದೂ ಅದೇ ಬಾಯಿಂದ. ಮೈಯೊಳಗೆ ನೀರು ತುಂಬಿಕೊಂಡು, ಆ ನೀರಿನ ಒತ್ತಡದ ಮೇಲೆಯೇ ಸ್ನಾಯುಗಳನ್ನು ನಡೆಸುತ್ತೆ. ಹೈಡ್ರಾಲಿಕ್ಸ್ ಅಂದರೆ ಇದೇ. ಮನೆಯ ಟ್ಯಾಂಕಿಗೆ ಸಾಮಾನ್ಯವಾಗಿ ಹೇಳುವುದು ಬಬಲ್ ಟಿಪ್ ಅನೆಮೋನ್. ಎಳೆಗಳ ತುದಿ ಉಬ್ಬಿ ಸಣ್ಣ ಬಲ್ಬಿನ ಹಾಗಿರುತ್ತೆ, ಅದಕ್ಕೇ ಆ ಹೆಸರು. ವೈಜ್ಞಾನಿಕ ಹೆಸರು ಎಂಟಾಕ್ಮಿಯಾ ಕ್ವಾಡ್ರಿಕಲರ್. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡರ ಹವಳದ ದಿಬ್ಬಗಳಲ್ಲೂ ಇದೆ. ಕಲ್ಲಿನ ಸಂದಿಯಲ್ಲಿ ಪಾದ ಅಡಗಿಸಿಟ್ಟು, ಎಳೆಗಳನ್ನು ಮಾತ್ರ ಬೆಳಕಿಗೆ ಚಾಚುವುದು ಅದರ ಅಭ್ಯಾಸ. ಈ ಒಂದು ಅಭ್ಯಾಸ ನೆನಪಿಟ್ಟುಕೊಂಡರೆ ಮುಂದಿನದು ಅರ್ಧ ಅರ್ಥವಾದ ಹಾಗೆ.

ಇನ್ನೊಂದು ಸಂಗತಿ. ಅದರ ಮೈಯ ಜೀವಕೋಶಗಳ ಒಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿ ವಾಸ ಮಾಡುತ್ತೆ. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಅನೆಮೋನ್‌ಗೆ ಕೊಡುತ್ತೆ, ಅನೆಮೋನ್ ತನ್ನ ತ್ಯಾಜ್ಯವನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತೆ. ಅಂದ್ರೆ ನೀವು ತರೋದು ಒಂದು ಪ್ರಾಣಿಯನ್ನಲ್ಲ, ಒಂದು ಪ್ರಾಣಿ ಮತ್ತು ಅದರೊಳಗಿನ ಲಕ್ಷಾಂತರ ಬಾಡಿಗೆದಾರರನ್ನು. ಬಾಡಿಗೆದಾರರು ಖಾಲಿ ಮಾಡಿದರೆ ಅನೆಮೋನ್ ಬಿಳಿಚಿಕೊಳ್ಳುತ್ತೆ. ಅಂಗಡಿಯಲ್ಲಿ ಹಾಲಿನಷ್ಟು ಬೆಳ್ಳಗಿರುವುದನ್ನು "ಅಪರೂಪದ ಬಣ್ಣ" ಅಂತ ತೋರಿಸಿದರೆ ನಂಬಬೇಡಿ, ಅದು ಉಪವಾಸ ಬಿದ್ದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿ, ನೀಲಿ ಬಣ್ಣ ಹಾಕಿ ಮಾರುವುದೂ ಉಂಟು.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು, ಹೋದರೆ ಇನ್ನೊಂದು ತಂದರಾಯ್ತು ಅನ್ನುವವರಿಗೆ ಒಂದು ಕಥೆ ಹೇಳ್ತೀನಿ. ಸ್ಕಾಟ್ಲೆಂಡಿನ ಸರ್ ಜಾನ್ ಗ್ರಹಾಂ ಡಾಲ್ಯೆಲ್ ಎಂಬ ಪ್ರಕೃತಿ ವಿಜ್ಞಾನಿ 1828ರಲ್ಲಿ ಕಡಲತೀರದಿಂದ ಒಂದು ಅನೆಮೋನ್ ತಂದು ಗಾಜಿನ ಜಾಡಿಯಲ್ಲಿಟ್ಟರು. 1851ರಲ್ಲಿ ಡಾಲ್ಯೆಲ್ ತೀರಿಕೊಂಡರು. ಅನೆಮೋನ್ ತೀರಿಕೊಳ್ಳಲಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಾ 1887ರವರೆಗೆ, ಅಂದ್ರೆ ಜಾಡಿಗೆ ಬಂದಮೇಲೆ 59 ವರ್ಷದ ಹತ್ತಿರ ಬದುಕಿತು. ಎಡಿನ್‌ಬರೋದ ಜನ ಅದಕ್ಕೆ ಗ್ರಾನಿ, ಅಂದ್ರೆ ಅಜ್ಜಿ ಅಂತ ಹೆಸರಿಟ್ಟಿದ್ದರು. ಪಂಪಿಲ್ಲ, ಎಲ್‌ಇಡಿ ಇಲ್ಲ. ತಪ್ಪದೆ ಬದಲಿಸುತ್ತಿದ್ದ ಸಮುದ್ರದ ನೀರು, ಅಳತೆಯ ಊಟ, ಅಷ್ಟೇ. ಅದು ತಣ್ಣೀರಿನ ಬೇರೆ ಜಾತಿ, ಮೈಯಲ್ಲಿ ಪಾಚಿ ಸಾಕುವಂಥದ್ದಲ್ಲ, ಹಾಗಾಗಿ ಅದರ ಸಾಕಣೆಯನ್ನು ಬಬಲ್ ಟಿಪ್‌ಗೆ ಹಾಗೇ ಇಳಿಸಲಿಕ್ಕೆ ಆಗಲ್ಲ. ಆದರೂ ನಮ್ಮ ಅಜ್ಜಿಯಷ್ಟು ಕಾಲ ಬಾಳಬಲ್ಲ ಕುಲದ ಪ್ರಾಣಿಯನ್ನು ನಾನು ನಾಲ್ಕು ದಿನಕ್ಕೆ ಮುಗಿಸಿದ್ದೆ ಅಂತ ಓದಿದಾಗ ಊಟ ಸೇರಲಿಲ್ಲ.

ತರುವ ಮುಂಚಿನ ಮಾತು. ಟ್ಯಾಂಕಿಗೆ ಕನಿಷ್ಠ ಆರು ತಿಂಗಳಾದರೂ ಆಗಿರಬೇಕು, ಒಂದು ವರ್ಷವಾದರೆ ಇನ್ನೂ ಒಳ್ಳೆಯದು. ಹೊಸ ಟ್ಯಾಂಕಿನಲ್ಲಿ ಅಮೋನಿಯವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಒಂದೆರಡು ತಿಂಗಳಲ್ಲೇ ನೆಲೆಯಾಗಬಹುದು, ಆದರೆ ಅಂಕಿಗಳು ಇನ್ನೂ ಕುಣೀತಾನೇ ಇರ್ತವೆ. ಅನೆಮೋನ್‌ಗೆ ಬೇಕಾದ ಅಂಕಿಗಳು ದೊಡ್ಡ ರಹಸ್ಯವೇನಲ್ಲ. ತಾಪ 25ರಿಂದ 27 ಡಿಗ್ರಿ, ಲವಣಾಂಶ ಸಾವಿರಕ್ಕೆ 35 ಭಾಗ, ಪಿಎಚ್ 8.1ರಿಂದ 8.4, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ ಕಡಿಮೆ. ಇವು ಒಂದು ದಿನ ಸರಿ ಇರುವುದು ಸುಲಭ. ತಿಂಗಳುಗಟ್ಟಲೆ ಅಲ್ಲೇ ನಿಂತಿರುವುದು ಕಷ್ಟ.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. ನಮ್ಮದು 200 ಲೀಟರ್ ಟ್ಯಾಂಕ್. ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟುತ್ತೆ. ಚಿಲ್ಲರ್ ದುಬಾರಿ, ಹಾಗಾಗಿ ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟೆ. ಒಂದು ಲೀಟರ್ ನೀರು ಆವಿಯಾಗಲಿಕ್ಕೆ ಸುಮಾರು 2,430 ಕಿಲೋಜೂಲ್ ಬೇಕು. 200 ಲೀಟರ್ ನೀರಿನ ತಾಪ ಒಂದು ಡಿಗ್ರಿ ಇಳಿಸಲಿಕ್ಕೆ ಸುಮಾರು 836 ಕಿಲೋಜೂಲ್ ತೆಗೆದರೆ ಸಾಕು. ಹೊರಗಿನ ಬಿಸಿ ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದೇ ಲೀಟರ್ ಆವಿಯಾದರೆ ಹೆಚ್ಚುಕಡಿಮೆ 2.9 ಡಿಗ್ರಿ ಇಳಿಯುತ್ತೆ. ಭಲೇ ಫ್ಯಾನ್! ಆದರೆ ಆವಿಯಾಗುವುದು ನೀರು, ಉಪ್ಪಲ್ಲ. ದಿನಕ್ಕೆ 3 ಲೀಟರ್‌ನಂತೆ ಮೂರು ದಿನ ನೀವು ಊರಿಗೆ ಹೋದಿರಿ ಅಂದುಕೊಳ್ಳಿ. 9 ಲೀಟರ್ ಹೋಯ್ತು, 35 ಇದ್ದ ಲವಣಾಂಶ 36.6 ದಾಟಿತು. ತಾಪ ಸರಿಮಾಡಲಿಕ್ಕೆ ಹೋಗಿ ಉಪ್ಪು ಕೆಡಿಸಿದ ಹಾಗಾಯ್ತು. ವಾಪಸು ಬಂದವರು ಗಾಬರಿಯಿಂದ 9 ಲೀಟರ್ ಸಿಹಿನೀರು ಒಟ್ಟಿಗೇ ಸುರಿದರೆ ಕಥೆ ಇನ್ನೂ ಕೆಡುತ್ತೆ. ಮೀನಿಗಾದರೆ ಮೈಯೊಳಗಿನ ಉಪ್ಪನ್ನು ಹಿಡಿತದಲ್ಲಿಡುವ ಕಿವಿರು, ಮೂತ್ರಪಿಂಡ ಇವೆ. ಅನೆಮೋನ್‌ಗೆ ಅಂಥದ್ದೇನೂ ಇಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೇ. ಅದಕ್ಕೇ ಆವಿಯಾದಷ್ಟು ಆರ್‌ಓ ನೀರನ್ನು ಸ್ವಲ್ಪ ಸ್ವಲ್ಪವೇ ತುಂಬುವ ಫ್ಲೋಟ್ ಸ್ವಿಚ್ ವ್ಯವಸ್ಥೆಯನ್ನು ಮೊದಲು ಮಾಡಿಕೊಳ್ಳಿ. ಹಣ ಕಡಿಮೆ ಇದ್ದರೆ ಲೈಟಿಗಿಂತ ಮೊದಲು ಇದಕ್ಕೆ ಖರ್ಚು ಮಾಡಿ ಅಂತ ನಾನು ಹೇಳೋದು. ಆರ್ಡುಯಿನೋ ಗೊತ್ತಿರುವವರು ಒಂದು ಸಂಜೆಯಲ್ಲಿ ಜೋಡಿಸಬಹುದು, ಸ್ವಿಚ್ ಮಾತ್ರ ಎರಡು ಹಾಕಿ. ಒಂದು ಸಿಕ್ಕಿಹಾಕಿಕೊಂಡರೆ ಇನ್ನೊಂದು ಪಂಪ್ ನಿಲ್ಲಿಸಬೇಕು.

ಆಮೇಲೆ ಪಂಪಿನ ಬಾಯಿ. ಅನೆಮೋನ್ ಬರುವ ಹಿಂದಿನ ದಿನವೇ ಪ್ರತಿ ಪವರ್‌ಹೆಡ್‌ಗೂ ಸ್ಪಂಜು ಇಲ್ಲವೇ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ನೀರು ಹೊರಗೆ ಹರಿಯುವ ಓವರ್‌ಫ್ಲೋ ಬಾಯಿಗೂ ಕಟ್ಟಿ. ಹೀಟರ್ ಇದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಪಂಜರ ಹಾಕಿ, ಬಿಸಿ ಅಂತ ಗೊತ್ತಾಗದೆ ಅದರ ಮೇಲೂ ಹತ್ತಿಬಿಡುತ್ತೆ. ಸ್ಪಂಜಿನಲ್ಲಿ ಕಸ ಕಟ್ಟಿ ಹರಿವು ಕಡಿಮೆಯಾಗುತ್ತೆ, ಎರಡು ಮೂರು ದಿನಕ್ಕೊಮ್ಮೆ ತೊಳೆಯಬೇಕು. ಬೇಜಾರಿನ ಕೆಲಸ, ನಿಜ. ಐದನೇ ದಿನದ ಆ ಬೆಳಿಗ್ಗೆ ನೋಡಿದವನಿಗೆ ಬೇಜಾರಾಗಲ್ಲ.

ಕೊಳ್ಳುವಾಗ ನೋಡಬೇಕಾದ್ದು ಬಾಯಿ ಮತ್ತು ಪಾದ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಜೋತಾಡಬಾರದು. ಪಾದ ಹರಿದಿರಬಾರದು. ಗಾಜಿಗೋ ಕಲ್ಲಿಗೋ ಅಂಟಿಕೊಂಡಿರುವುದನ್ನು ಅಂಗಡಿಯವರು ಉಗುರು ಹಾಕಿ ಕಿತ್ತರೆ ಅದು ಬೇಡ ಅನ್ನಿ. ಕಲ್ಲಿನ ಸಮೇತ ಕೊಡ್ತಾರಾ ಕೇಳಿ, ಅದಕ್ಕಿಂತ ಒಳ್ಳೆಯದಿಲ್ಲ. ಬಬಲ್ ಟಿಪ್ ತಾನಾಗಿಯೇ ಉದ್ದಕ್ಕೆ ಸೀಳಿ ಒಂದು ಎರಡಾಗುತ್ತೆ. ಹಾಗಾಗಿ ಇನ್ನೊಬ್ಬರ ಟ್ಯಾಂಕಿನಲ್ಲೇ ಹುಟ್ಟಿದ ಮರಿ ಸಿಗುತ್ತೆ. ಕಡಲಿನಿಂದ ಕಿತ್ತು, ದಿನಗಟ್ಟಲೆ ಚೀಲದಲ್ಲಿ ಸುತ್ತಾಡಿ ಬಂದದ್ದಕ್ಕಿಂತ ಇದು ಸಾವಿರ ಪಾಲು ಮೇಲು. ಮುರುಡೇಶ್ವರದ ಕಡೆ ನೇತ್ರಾಣಿಗೆ ಡೈವಿಂಗ್ ಹೋದವರು, ಅಲ್ಲಿ ಕಂಡದ್ದನ್ನು ಅಲ್ಲೇ ಬಿಟ್ಟು ಬನ್ನಿ. ಹವಳಗಳಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದ್ರೆ ಹುಲಿ ಇರುವ ಪಟ್ಟಿಯಲ್ಲೇ.

ಚೀಲ ಮನೆಗೆ ಬಂತು. ಈಗಿನ ಕೆಮಿಸ್ಟ್ರಿ ನನಗೆ ತುಂಬ ಇಷ್ಟವಾದ ಭಾಗ. ಮುಚ್ಚಿದ ಚೀಲದೊಳಗೆ ಪ್ರಾಣಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಸೇರಿರುತ್ತೆ, ಪಿಎಚ್ ಇಳಿದಿರುತ್ತೆ. ಅದರ ತ್ಯಾಜ್ಯದ ಅಮೋನಿಯವೂ ಅಲ್ಲೇ ಇರುತ್ತೆ, ಆದರೆ ಪಿಎಚ್ ಇಳಿದಿರುವುದರಿಂದ ಬಹುಪಾಲು ಅಮೋನಿಯಂ ಅಯಾನಿನ ರೂಪದಲ್ಲಿರುತ್ತೆ. ಆ ರೂಪ ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತೆ, ಪಿಎಚ್ ಏರುತ್ತೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ರೂಪದ ಅಮೋನಿಯ ಸುಮಾರು ಹತ್ತು ಪಟ್ಟಾಗುತ್ತೆ. ಹೀಗಾಗಿ "ನಿಧಾನವೇ ಒಳ್ಳೆಯದು" ಅಂತ ಬಿಚ್ಚಿದ ಚೀಲದಲ್ಲಿ ನಾಲ್ಕೈದು ಗಂಟೆ ಕೂರಿಸುವುದು ಉಪಕಾರವಲ್ಲ. ಪಕ್ಕದ ಬಡಾವಣೆಯ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದದ್ದಾದರೆ ಈ ಭಯ ಕಡಿಮೆ. ರಾತ್ರಿಯಿಡೀ ಪಾರ್ಸಲಿನಲ್ಲಿ ಬಂದದ್ದಾದರೆ ಚೀಲದ ನೀರಿನ ಉಪ್ಪು ಅಳೆದು, ಟ್ಯಾಂಕಿನ ನೀರಿಗೆ ಹತ್ತಿರವಿದ್ದರೆ ತಾಪ ಸರಿಹೋದ ಮೇಲೆ ಬೇಗ ಒಳಗೆ ಬಿಡುವುದೇ ವಾಸಿ.

ಸಾಮಾನ್ಯ ಕ್ರಮ ಹೀಗೆ. ಮುಚ್ಚಿದ ಚೀಲವನ್ನು ಹದಿನೈದಿಪ್ಪತ್ತು ನಿಮಿಷ ಟ್ಯಾಂಕಿನ ನೀರಿನಲ್ಲಿ ತೇಲಿಬಿಡಿ, ತಾಪ ಒಂದಾಗಲಿ. ಆಮೇಲೆ ನೀರಿನ ಸಮೇತ ಒಂದು ಸ್ವಚ್ಛವಾದ ಡಬ್ಬಕ್ಕೆ ಹಾಕಿ, ಏರ್‌ಲೈನ್ ಟ್ಯೂಬಿಗೆ ಒಂದು ಗಂಟು ಹಾಕಿ, ಆಸ್ಪತ್ರೆಯ ಡ್ರಿಪ್‌ನ ಹಾಗೆ ಟ್ಯಾಂಕಿನ ನೀರನ್ನು ಹನಿಸಿ. ಸೆಕೆಂಡಿಗೆ ಮೂರು ನಾಲ್ಕು ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ನಿಮಿಷಕ್ಕೆ 9ರಿಂದ 12 ಮಿಲಿಲೀಟರ್. ಚೀಲದಲ್ಲಿ ಅರ್ಧ ಲೀಟರ್ ನೀರಿದ್ದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅದು ಎರಡರಷ್ಟಾಗುತ್ತೆ, ಎರಡೂ ನೀರಿನ ನಡುವಿನ ವ್ಯತ್ಯಾಸ ಅರ್ಧಕ್ಕಿಳಿಯುತ್ತೆ. ಅರ್ಧ ಚೆಲ್ಲಿ ಇನ್ನೊಮ್ಮೆ ಮಾಡಿದರೆ ಕಾಲುಭಾಗ. ಉಪ್ಪಿನ ವ್ಯತ್ಯಾಸ ಜಾಸ್ತಿ ಇದ್ದರೆ ಮಾತ್ರ ಎರಡನೇ ಸುತ್ತು ಬೇಕು. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಬಲೆಯಲ್ಲಿ ಎತ್ತಬೇಡಿ, ಎಳೆಗಳು ಬಲೆಗೆ ಅಂಟಿಕೊಂಡು ಹರಿಯುತ್ತವೆ. ಒಂದು ಲೋಟದಲ್ಲೋ ಗ್ಲೌಸ್ ಹಾಕಿದ ಕೈಯಲ್ಲೋ ಎತ್ತಿ. ಅಂಗೈಗೆ ಅಂಟಂಟು ಅನಿಸುತ್ತೆ ಅಷ್ಟೆ, ಆದರೂ ಆ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಗೊತ್ತಾಗುತ್ತೆ.

ಟ್ಯಾಂಕಿನಲ್ಲಿ ಮೊದಲೇ ಒಂದು ಕಲ್ಲು ಆರಿಸಿಟ್ಟಿರಿ. ಆಳವಾದ ತೂತೋ ಸಂದಿಯೋ ಇರಬೇಕು, ಬೆಳಕು ಬೀಳಬೇಕು, ಹರಿವು ಮಧ್ಯಮವಾಗಿರಬೇಕು. ಅಕ್ಕಪಕ್ಕದಲ್ಲಿ ಕುಟುಕಿಸಿಕೊಳ್ಳುವ ನೆರೆಹೊರೆ ಇರಬಾರದು. ಉಳಿದ ಕಲ್ಲುಗಳಿಂದ ಅದು ಸ್ವಲ್ಪ ದೂರ ದ್ವೀಪದಂತಿದ್ದರೆ ಅಲೆದಾಟ ಕಡಿಮೆ. ಪಂಪುಗಳನ್ನು ಅರ್ಧ ಗಂಟೆ, ಒಂದು ಗಂಟೆ ನಿಲ್ಲಿಸಿ, ಪಾದವನ್ನು ಆ ಸಂದಿಯ ಹತ್ತಿರ ಮೆಲ್ಲಗೆ ಬಿಡಿ. ಒಳಗೆ ತುರುಕಬೇಡಿ. ಪದೇ ಪದೇ ಉರುಳಿಬಿದ್ದರೆ ತೂತುತೂತಿನ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಮೇಲೆ ಬೋರಲು ಹಾಕಿ ಒಂದೆರಡು ಗಂಟೆ ಬಿಡಿ. ಹಿಡಿದುಕೊಂಡ ಮೇಲೆ ಪಂಪ್ ಹಾಕಿ, ಬುಟ್ಟಿ ತೆಗೆಯಿರಿ. ನಿಮ್ಮ ಕೆಲಸ ಬಹುಮಟ್ಟಿಗೆ ಮುಗೀತು. ನನ್ನಂಥವರಿಗೆ ಕಷ್ಟ ಶುರುವಾಗುವುದು ಇಲ್ಲಿಂದ.

ಬೆಳಕನ್ನು ಮೊದಲ ದಿನ ಎಂದಿನ ಅರ್ಧಕ್ಕಿಳಿಸಿ, ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ. ಮಬ್ಬು ಬೆಳಕಿನ ಅಂಗಡಿಯಲ್ಲಿದ್ದ ಪಾಚಿಗೆ ಏಕಾಏಕಿ ಜೋರು ಬೆಳಕು ಬಿದ್ದರೆ, ತಾನು ಬಳಸಲಾರದಷ್ಟು ಶಕ್ತಿ ಒಳಗೆ ಬಂದು ಆಮ್ಲಜನಕದ ವಿಷಕಾರಿ ರೂಪಗಳು ಹುಟ್ಟುತ್ತವೆ. ಅನೆಮೋನ್ ಆ ಪಾಚಿಯನ್ನೇ ಉಗುಳಿಬಿಡುತ್ತೆ. ನಾನು ಮೊದಲ ಸಲ ಮಾಡಿದ್ದು ಸರಿಯಾಗಿ ಇದನ್ನೇ.

ಇನ್ನು ಕಾಯೋದು. ಹೊಸ ಅನೆಮೋನ್ ಮೊದಲ ಒಂದೆರಡು ವಾರ ಓಡಾಡುತ್ತೆ. ಪಾದವನ್ನು ಅಂಗುಲ ಅಂಗುಲವಾಗಿ ಜಾರಿಸುತ್ತಾ ಬೆಳಕು, ಹರಿವು, ಆಸರೆ ಮೂರೂ ಹೊಂದುವ ಜಾಗ ಹುಡುಕುತ್ತೆ. ಅದಕ್ಕೆ ಇರುವ ಸೆನ್ಸರುಗಳು ನಮ್ಮ ಟೆಸ್ಟ್ ಕಿಟ್‌ಗಿಂತ ಚೆನ್ನಾಗಿವೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಡೆಡ್ ಟೈಮ್ ಅಂತ ಓದಿದ್ದೀವಲ್ಲ, ಇನ್‌ಪುಟ್ ಬದಲಿಸಿದ ಮೇಲೆ ಔಟ್‌ಪುಟ್ ಅಲ್ಲಾಡುವವರೆಗಿನ ಆ ಮೌನ, ಇಲ್ಲಿ ಅದು ಸೆಕೆಂಡುಗಳಲ್ಲಿಲ್ಲ, ದಿನಗಳಲ್ಲಿದೆ. ಇವತ್ತು ಹರಿವು ಬದಲಿಸಿದರೆ ಅನೆಮೋನ್‌ನ ಅಭಿಪ್ರಾಯ ತಿಳಿಯುವುದು ಮೂರನೇ ದಿನ. ಅಷ್ಟರಲ್ಲಿ ನೀವು ಲೈಟು ತಿರುಗಿಸಿ, ಕಲ್ಲು ಸರಿಸಿ, ಇನ್ನೇನೋ ಹಾಕಿಯಾಗಿರುತ್ತೆ. ಡೆಡ್ ಟೈಮ್ ಜಾಸ್ತಿ ಇರುವ ಪ್ಲಾಂಟ್‌ಗೆ ಗೇನ್ ಜಾಸ್ತಿ ಇಟ್ಟರೆ ಏನಾಗುತ್ತೆ ಅಂತ ಇಂಟರ್ನಲ್ಸ್‌ನಲ್ಲಿ ಎಲ್ಲರೂ ಬರೆದಿದ್ದೀವಿ, ಆಸಿಲೇಶನ್. ನಮ್ಮ ಟ್ಯಾಂಕಿನಲ್ಲಿ ಆ ಆಸಿಲೇಶನ್ ಅಂದ್ರೆ ಕಾಲೂರಲು ಬಿಡದೆ ಅಲೆದ ಒಂದು ಪ್ರಾಣಿ. ಎರಡನೆಯದು ಬಂದಾಗ ನಾನು ಮಾಡಿದ್ದು ಒಂದೇ ಉಪಾಯ. ಅದನ್ನು ದಿನಕ್ಕೆ ಎರಡು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಎಲ್ಲಿದೆ, ಹೇಗಿದೆ ಅಂತ ಬರೆಯೋದು, ಕೈ ಮಾತ್ರ ನೀರಿಗೆ ಹಾಕೋದಿಲ್ಲ ಅನ್ನೋದು. ಅಮ್ಮ ಅಂತೂ "ಓದೋಕೆ ಇಷ್ಟು ಶ್ರದ್ಧೆ ಇದ್ದಿದ್ರೆ" ಅಂದರು.

ಕೈ ಹಾಕಬೇಕಾದ ಸಂದರ್ಭ ಯಾವುದು ಅಂತ ಗೊತ್ತಿರಬೇಕು. ಮುದುಡುವುದು ಅಪಾಯವಲ್ಲ. ಆಗಾಗ ಅದು ಮೈಯ ನೀರೆಲ್ಲ ಹೊರಹಾಕಿ, ಹಿಂಡಿದ ಬಟ್ಟೆಯ ಹಾಗೆ ಕುಗ್ಗಿ, ಬಾಯಿಂದ ಕಂದು ಬಣ್ಣದ ಲೋಳೆಯ ಎಳೆ ಉಗುಳುತ್ತೆ. ಒಳಗಿನ ಹಳೇ ನೀರು ಬದಲಿಸಿಕೊಳ್ಳುವ ರೀತಿ ಅದು, ಕೆಲವು ಗಂಟೆಯಲ್ಲಿ ಮತ್ತೆ ಅರಳುತ್ತೆ. ಮೊದಲ ಸಲ ನೋಡುವವರಿಗೆ ಸತ್ತೇ ಹೋಯ್ತು ಅನಿಸುತ್ತೆ. ನಿಜವಾದ ಅಪಾಯ ಬೇರೆ. ಬಾಯಿ ದಿನಗಟ್ಟಲೆ ತೆರೆದೇ ಇದ್ದು ಒಳಗಿನ ಭಾಗ ಹೊರಗೆ ಜೋತಾಡುವುದು, ಪಾದ ಯಾವುದಕ್ಕೂ ಹಿಡಿಯದಿರುವುದು, ಹರಿವಿಗೆ ಮೈ ಚೂರುಚೂರಾಗಿ ಕಿತ್ತುಬರುವುದು, ಕೊಳೆತ ವಾಸನೆ. ಕೊನೆಯೆರಡು ಕಂಡರೆ ಯೋಚಿಸಬೇಡಿ, ತಕ್ಷಣ ಹೊರಗೆ ತೆಗೆದು ನೀರು ಬದಲಿಸಿ. ಕರಗುವ ಅನೆಮೋನ್ ಬಿಡುವ ಅಮೋನಿಯ ಟ್ಯಾಂಕಿನ ಉಳಿದ ಜೀವಗಳನ್ನೂ ಕೊಂಡೊಯ್ಯುತ್ತೆ. ಪಂಪಿನ ಕಡೆಗೋ ಹೀಟರ್ ಕಡೆಗೋ ಹೊರಟಿದೆ ಅಂದರೂ ಕೈ ಹಾಕಬಹುದು, ಆದರೆ ಕೀಳಲಿಕ್ಕಲ್ಲ. ಒಂದು ಸಿರಿಂಜಿನಿಂದ ಪಾದದ ಅಂಚಿಗೆ ಮೆಲ್ಲಗೆ ನೀರು ಚಿಮ್ಮಿಸುತ್ತಾ ಇದ್ದರೆ ಬೇಸತ್ತು ತಾನೇ ಬಿಡುತ್ತೆ.

ಊಟಕ್ಕೆ ಅವಸರ ಬೇಡ. ಮೊದಲ ವಾರ ಏನೂ ಕೊಡಬೇಡಿ. ಕೂತು, ಅರಳಿ, ಎಳೆಗಳು ಅಂಟುವ ಹಾಗಾದ ಮೇಲೆ ಸಿಗಡಿಯ ಒಂದು ಚೂರನ್ನು, ಅದರ ಬಾಯಿಗಿಂತ ಚಿಕ್ಕದನ್ನು, ಇಕ್ಕಳದಲ್ಲಿ ಎಳೆಗೆ ಮುಟ್ಟಿಸಿ. ವಾರಕ್ಕೆ ಒಂದೆರಡು ಸಲ ಸಾಕು. ದೊಡ್ಡ ತುಂಡು ಕೊಟ್ಟರೆ ನುಂಗಿ, ಮರುದಿನ ಅರೆಬರೆ ಕೊಳೆತದ್ದನ್ನು ಉಗುಳುತ್ತೆ.

ಕ್ಲೌನ್ ಮೀನಿನ ವಿಷಯ ಎಲ್ಲರೂ ಕೇಳ್ತಾರೆ, ಫೈಂಡಿಂಗ್ ನೀಮೋ ನೋಡಿದ ತಲೆಮಾರಲ್ವಾ ನಮ್ಮದು. ಟ್ಯಾಂಕಿನಲ್ಲಿ ಆ ಮೀನಿಗೆ ಅನೆಮೋನ್ ಬೇಕೇ ಬೇಕು ಅಂತಿಲ್ಲ, ಅನೆಮೋನ್‌ಗೂ ಮೀನು ಬೇಕೇ ಬೇಕು ಅಂತಿಲ್ಲ. ಪಂಪಿನ ಮೂಲೆಯನ್ನೇ ಮನೆ ಮಾಡಿಕೊಂಡು ಅನೆಮೋನ್ ಕಡೆ ತಿರುಗಿಯೂ ನೋಡದ ಕ್ಲೌನ್ ಮೀನುಗಳಿವೆ. ಹೊಸದಾಗಿ ಬಂದು ಇನ್ನೂ ಸುಧಾರಿಸಿಕೊಳ್ಳುತ್ತಿರುವ ಅನೆಮೋನ್ ಒಳಗೆ ದೊಡ್ಡ ಜೋಡಿಯೊಂದು ನುಗ್ಗಿ ಮೈಯುಜ್ಜಿದರೆ ಅದಕ್ಕೆ ಹಿಂಸೆಯೇ. ಮೀನು ಮೊದಲೇ ಇದ್ದರೆ, ಆ ಬೋರಲು ಬುಟ್ಟಿಯನ್ನು ಇನ್ನೆರಡು ದಿನ ತೆಗೆಯದೆ ಬಿಟ್ಟರೂ ತಪ್ಪಿಲ್ಲ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್‌ಪಂಪ್ ಒಂದು ಮನೆಯಲ್ಲಿರಲಿ. ಇದಕ್ಕೆ ವಿವರಣೆ ಬೇಡ ಅಂದುಕೊಳ್ತೀನಿ.

ನನ್ನ ಎರಡನೇ ಅನೆಮೋನ್ ಹನ್ನೊಂದನೇ ದಿನ ನೆಲೆಯಾಯಿತು. ನಾನು ಆರಿಸಿಟ್ಟಿದ್ದ ಕಲ್ಲಿನ ಮೇಲಲ್ಲ. ಅದರ ಹಿಂಬದಿಯ ಸಂದಿಯಲ್ಲಿ, ಮುಂದಿನಿಂದ ನೋಡಿದರೆ ನಾಲ್ಕು ಎಳೆಗಳ ತುದಿ ಮಾತ್ರ ಕಾಣುವ ಹಾಗೆ. ಪೂರ್ತಿ ನೋಡಬೇಕಾದವರು ಟ್ಯಾಂಕಿನ ಪಕ್ಕಕ್ಕೆ ಹೋಗಿ, ಗೋಡೆಗೆ ತಲೆ ಆನಿಸಿ ಬಗ್ಗಬೇಕು. ಮನೆಗೆ ಬಂದ ಸ್ನೇಹಿತರಿಗೆ ಹಾಗೇ ತೋರಿಸ್ತೀನಿ. ಒಂದೂವರೆ ವರ್ಷವಾಯ್ತು, ಅಲ್ಲಿಂದ ಕದಲಿಲ್ಲ.